ಚೆರ್ರಿ ಸ್ಟೌಟ್: ಹಣ್ಣಿನ ಹುಳಿ, ಹುರಿದ ಬಾರ್ಲಿಯ ಕಹಿ ಎರಡನ್ನೂ ಹೊಂದಿಸೋದು ಹೇಗೆ?

ಅಪ್ಪೆಮಿಡಿ · ಆಗಸ್ಟ್ 9

ಎಲ್ಲರಿಗೂ ನಮಸ್ಕಾರ. ನಾನಿರೋದು ಮಿಶಿಗನ್‌ನ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ, ಊರು ಸಾಗರದ ಕಡೆ. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಆಫೀಸಿನ ಗೆಳೆಯರೊಬ್ಬರು ಕಲಮಜೂವಿನ ಬೆಲ್ಸ್ ಬ್ರೂವರಿಯ ಚೆರ್ರಿ ಸ್ಟೌಟ್ (ಹುರಿದ ಧಾನ್ಯದ ಕಪ್ಪು ಬಿಯರಿಗೆ ಚೆರ್ರಿ ಹಾಕಿದ್ದು) ಕುಡಿಸಿದ್ದರು. ಹಣ್ಣಿನ ಬಿಯರ್ ಅಂದರೆ ಶರಬತ್ತಿನ ಥರ ಸಿಹಿ ಇರುತ್ತೆ ಅಂದುಕೊಂಡಿದ್ದೆ. ಬಾಯಿಗಿಟ್ಟರೆ ಮೊದಲು ಬಂದಿದ್ದು ಕಡುಕಾಫಿಯ ಕಹಿ. ಅದು ಇಳಿಯೋ ಹೊತ್ತಿಗೆ ದವಡೆಯ ಮೂಲೆಯಲ್ಲಿ ನೀರೂರಿಸೋ ಹುಳಿ. ನಮ್ಮನೆ ಅಪ್ಪೆಹುಳಿ ಕುಡಿದಾಗ ಬರುತ್ತಲ್ಲ, ಅದೇ ಜಾಗ. ಅವತ್ತಿನಿಂದ ಇದನ್ನ ನಾನೇ ಮಾಡಬೇಕು ಅನ್ನೋ ಹಟ.

ಈ ಜೂನ್‌ನಲ್ಲಿ 19 ಲೀಟರಿನ ಒಂದು ಪಾಕ ಮಾಡಿದೆ. ಶುರುವಿನ ಸಾಂದ್ರತೆ 1.062 (ನೀರಿನದು 1.000, ಸಕ್ಕರೆ ಹೆಚ್ಚಿದ್ದಷ್ಟೂ ಅಂಕಿ ಹೆಚ್ಚು). ಹುರಿದ ಬಾರ್ಲಿ 10%, ಬ್ಲ್ಯಾಕ್ ಪೇಟೆಂಟ್ ಮಾಲ್ಟ್ (ಕಪ್ಪಗೆ ಹುರಿದ ಮೊಳಕೆ ಬಾರ್ಲಿ) 5%, ಉಳಿದದ್ದು ತಿಳಿ ಬಣ್ಣದ ಪೇಲ್ ಮಾಲ್ಟ್. ಮ್ಯಾಶ್, ಅಂದರೆ ಧಾನ್ಯವನ್ನ ಬಿಸಿನೀರಲ್ಲಿ ನೆನೆಸೋದು, 65 ಡಿಗ್ರಿಯಲ್ಲಿ. ಮೊದಲ ಹುದುಗುವಿಕೆ ಮುಗಿದ ಮೇಲೆ ಬೀಜ ತೆಗೆದ ಫ್ರೋಜನ್ ಮಾಂಟ್‌ಮೊರೆನ್ಸಿ ಅನ್ನೋ ಹುಳಿ ಚೆರ್ರಿ ನಾಲ್ಕೂವರೆ ಕೆಜಿ ಹಾಕಿದೆ. ಮೂರು ವಾರ ಬಿಟ್ಟು ನೋಡಿದರೆ 1.010. ಬಾಟಲಿ ಮಾಡಿ ಈಗ ಎರಡು ವಾರ.

ರುಚಿ ಹೇಳೋಕೆ ಬೇಜಾರಾಗುತ್ತೆ. ನೀರುನೀರಾಗಿದೆ, ಹುಳಿ ಹಲ್ಲಿಗೆ ಚುಳ್ ಅನ್ನುತ್ತೆ, ಹಿಂದಿನಿಂದ ಸುಟ್ಟ ಇದ್ದಿಲಿನ ಕಹಿ. ಚೆರ್ರಿ ಇದೆ ಅಂತ ಗೊತ್ತಾಗುತ್ತೆ, ಆದರೆ ಹಣ್ಣು ತಿಂದ ಸುಖ ಇಲ್ಲ. ಎಲ್ಲಿ ತಪ್ಪಿದೆ? ದಯವಿಟ್ಟು ಬಿಡಿಸಿ ಹೇಳಿ.

ಹೊಸಹುದುಗು · ಆಗಸ್ಟ್ 9

ಇಷ್ಟೊಂದು ಹಣ್ಣು ಹಾಕಿದ ಮೇಲೂ ಸಿಹಿ ಬರಲಿಲ್ಲ ಅಂದರೆ ಇನ್ನೊಂದೆರಡು ಕೆಜಿ ಹಾಕಬೇಕಿತ್ತೇನೋ?

ಹುರಿದ ಬಾರ್ಲಿ · ಆಗಸ್ಟ್ 9

ಹೊಸಹುದುಗು, ಬೇಡ. ಎಲ್ಲರೂ ಎಡವೋದು ಇದೇ ಕಲ್ಲಿಗೆ. ನಾನು ಬೆಂಗಳೂರಿನ ಒಂದು ಬ್ರೂಪಬ್‌ನಲ್ಲಿ ಹನ್ನೊಂದು ವರ್ಷದಿಂದ ಬಿಯರ್ ಮಾಡ್ತಿದ್ದೇನೆ, ಈ ಮಾತನ್ನ ವಾರಕ್ಕೊಮ್ಮೆಯಾದರೂ ಹೇಳಬೇಕಾಗುತ್ತೆ: ಹಣ್ಣು ಬಿಯರಿಗೆ ಸಿಹಿ ಕೊಡಲ್ಲ. ಹಣ್ಣಿನಲ್ಲಿರೋದು ಗ್ಲೂಕೋಸು, ಫ್ರಕ್ಟೋಸು. ಯೀಸ್ಟಿಗೆ ಅದು ಹಬ್ಬದೂಟ, ಒಂದಗುಳೂ ಬಿಡಲ್ಲ. ಕೊನೆಗೆ ಉಳಿಯೋದು ಹುಳಿ, ಪರಿಮಳ, ಸಿಪ್ಪೆಯ ಒಗರು. ಅಷ್ಟೇ.

ಮಾಂಟ್‌ಮೊರೆನ್ಸಿ ರಸದಲ್ಲಿ ಸಕ್ಕರೆ ಸುಮಾರು 13–14 ಬ್ರಿಕ್ಸ್, ಅಂದರೆ ತೂಕದಲ್ಲಿ ನೂರಕ್ಕೆ ಅಷ್ಟು ಪಾಲು ಇರುತ್ತೆ. ಅಂದರೆ ಅದರ ಸಾಂದ್ರತೆ ಹೆಚ್ಚುಕಡಿಮೆ ನಿಮ್ಮ ವರ್ಟಿನಷ್ಟೇ (ವರ್ಟ್ ಅಂದರೆ ಹುದುಗೋ ಮೊದಲಿನ ಮಾಲ್ಟ್ ರಸ). ವ್ಯತ್ಯಾಸ ಇಷ್ಟೇ, ವರ್ಟಿನಲ್ಲಿ ಯೀಸ್ಟ್ ತಿನ್ನಲಾರದ ಡೆಕ್ಸ್‌ಟ್ರಿನ್ ಉಳಿಯುತ್ತೆ, ಚೆರ್ರಿ ರಸದಲ್ಲಿ ಹಾಗೆ ಉಳಿಯೋದು ಬಹಳ ಕಮ್ಮಿ. ನೀವು 19 ಲೀಟರಿಗೆ ಹೆಚ್ಚುಕಡಿಮೆ 4 ಲೀಟರ್ ತೆಳು ಚೆರ್ರಿ ವೈನ್ ಬೆರೆಸಿದ ಲೆಕ್ಕ ಆಯಿತು. ನೀರಾಗದೆ ಇನ್ನೇನು.

ಇದು ಅರ್ಧ ಕಾರಣ. ಇನ್ನರ್ಧ ನೀರಿನಲ್ಲಿದೆ ಅಂತ ನನ್ನ ಗುಮಾನಿ. ಯಾವ ನೀರು ಬಳಸಿದ್ರಿ? ಪಿಎಚ್ (ಅಂಕಿ ಕಮ್ಮಿಯಾದಷ್ಟೂ ಹುಳಿ ಜಾಸ್ತಿ) ಅಳೆದ್ರಾ?

ಅಪ್ಪೆಮಿಡಿ · ಆಗಸ್ಟ್ 10

ಆರ್‌ಓ ನೀರು. ನಲ್ಲಿ ನೀರಿನ ಕ್ಲೋರಿನ್ ವಾಸನೆಗೆ ಹೆದರಿ ಅಂಗಡಿಯಿಂದ ತಂದಿದ್ದೆ. ಅದಕ್ಕೆ ಲವಣ ಏನೂ ಸೇರಿಸಿರಲಿಲ್ಲ. ಮ್ಯಾಶ್ ಪಿಎಚ್ ಆಗ ನೋಡಲಿಲ್ಲ. ನಿಮ್ಮ ಮಾತು ಓದಿ ಪಕ್ಕದ ಮನೆಯವರ ಮೀಟರ್ ತಂದು ಈಗಿನ ಬಿಯರ್ ಅಳೆದೆ. ಗಾಳಿ ಹೋಗೋವರೆಗೂ ಕಲಕಿ, ಎರಡು ಸಲ. 3.8.

ಹುರಿದ ಬಾರ್ಲಿ · ಆಗಸ್ಟ್ 10

ಕಳ್ಳ ಸಿಕ್ಕಿದ. ಸಾದಾ ಸ್ಟೌಟ್ 4.2ರಿಂದ 4.4ರ ಆಸುಪಾಸಿನಲ್ಲಿ ನಿಂತರೆ ಬಾಯಿಗೆ ದುಂಡಗೆ ಸಿಗುತ್ತೆ. ಹುರಿದ ಧಾನ್ಯ ತಾನೇ ಆಮ್ಲ. ಅದನ್ನ ತಡೆದು ಹಿಡಿಯೋದು ನೀರಿನ ಬೈಕಾರ್ಬನೇಟ್. ಲಂಡನ್, ಡಬ್ಲಿನ್‌ನಲ್ಲಿ ಕಪ್ಪು ಬಿಯರ್ ಬೇರುಬಿಟ್ಟಿದ್ದಕ್ಕೆ ಅಲ್ಲಿನ ಸುಣ್ಣದಂಶದ ಗಡಸು ನೀರೂ ಒಂದು ಕಾರಣ. ಅಂಥ ನೀರಿಗೆ ಬಿಳಿ ಮಾಲ್ಟ್ ಒಗ್ಗಲ್ಲ, ಕಪ್ಪು ಮಾಲ್ಟ್ ಒಗ್ಗುತ್ತೆ. ನೀವು ಖಾಲಿ ನೀರಿಗೆ 15% ಕಪ್ಪು ಧಾನ್ಯ ಸುರಿದಿರಿ. ಅದರ ಮೇಲೆ ಲೀಟರಿಗೆ ಸುಮಾರು 240 ಗ್ರಾಂ ಹುಳಿ ಚೆರ್ರಿ. ಗಾಯದ ಮೇಲೆ ಬರೆ.

ಸೆನ್ನೆ ತೀರ · ಆಗಸ್ಟ್ 10

ಬ್ರಸೆಲ್ಸ್‌ನಿಂದ. ಹಣ್ಣಿನ ಪ್ರಮಾಣವೇ ತಪ್ಪು ಅನ್ನೋದನ್ನ ನಾನು ಪೂರ್ತಿ ಒಪ್ಪಲ್ಲ. ಇಲ್ಲಿ ಕ್ರೀಕ್ ಅನ್ನೋ ಚೆರ್ರಿ ಬಿಯರ್ ಮಾಡುವಾಗ, ಕಾಡು ಯೀಸ್ಟಿನಿಂದ ಹುದುಗೋ ಹುಳಿ ಬಿಯರ್ ಲ್ಯಾಂಬಿಕ್‌ಗೆ ಲೀಟರಿಗೆ 200 ಗ್ರಾಂ ಹುಳಿ ಚೆರ್ರಿ ಹಾಕೋದು ಸಾಮಾನ್ಯ, ಅದಕ್ಕಿಂತ ಹೆಚ್ಚು ಹಾಕೋರೂ ಇದ್ದಾರೆ. ಹಿಂದೆ ಸ್ಕಾರ್‌ಬೇಕ್ ಅನ್ನೋ ಇಲ್ಲಿಯದೇ ಭಾಗದ ಹೆಸರಿನ ಪುಟ್ಟ ಕಪ್ಪು ಚೆರ್ರಿ ಬಳಸ್ತಿದ್ದರು, ಈಗ ಅದು ಅಪರೂಪ. ಲ್ಯಾಂಬಿಕ್ ಅಂತೂ ನಿಮ್ಮ 3.8ಕ್ಕಿಂತ ಎಷ್ಟೋ ಹುಳಿ. ಆದರೂ ಹಲ್ಲು ಚುಳ್ ಅನ್ನಲ್ಲ, ಕುಡಿಯೋಕೆ ಹಿತ.

ಹುರಿದ ಬಾರ್ಲಿ · ಆಗಸ್ಟ್ 10

ನೀವು ಹೇಳಿದ್ದು ಸರಿ, ಆದರೆ ಅದು ನನ್ನ ವಾದವನ್ನೇ ಗಟ್ಟಿ ಮಾಡುತ್ತೆ. ಲ್ಯಾಂಬಿಕ್‌ನಲ್ಲಿ ಹುರಿದ ಧಾನ್ಯ ಇಲ್ಲ. ಹಾಪ್ಸ್ ಕೂಡ ಹಳತು ಮಾಡಿ ಕಹಿ ಕಳೆದದ್ದು. ಅಲ್ಲಿ ಹುಳಿ ಒಂಟಿಯಾಗಿ ರಾಜನ ಹಾಗೆ ಕೂತಿರುತ್ತೆ. ಸ್ಟೌಟಿನಲ್ಲಿ ಕಹಿ ಮೊದಲೇ ಗದ್ದುಗೆ ಮೇಲಿದೆ. ಒಂದೇ ಬಾಯಲ್ಲಿ ಜೋರು ಕಹಿ, ಜೋರು ಹುಳಿ ಎರಡೂ ಬಂದರೆ ನಾಲಿಗೆ ಅದನ್ನ ಹಣ್ಣು ಅಂತ ಓದಲ್ಲ, ಕೆಟ್ಟಿದೆ ಅಂತ ಓದುತ್ತೆ.

ಪುನರ್ಪುಳಿ · ಆಗಸ್ಟ್ 11

ಹಾಗಲಕಾಯಿ ಗೊಜ್ಜಿನ ಲೆಕ್ಕವೇ ಅಲ್ಲವಾ ಇದು ಮಾರಾಯ್ರೆ? ಹಾಗಲ ಕಹಿ, ಹುಣಸೆ ಹುಳಿ. ಎರಡನ್ನೇ ಕುದಿಸಿದರೆ ಯಾರೂ ಮುಟ್ಟಲಿಕ್ಕಿಲ್ಲ. ಬೆಲ್ಲ, ಉಪ್ಪು ಬಿದ್ದ ಮೇಲೆ ನಾಲ್ಕೂ ಒಂದಕ್ಕೊಂದು ಕೈ ಹಿಡಿದು ನಿಲ್ಲುವುದು. ನಿಮ್ಮ ಬಿಯರಿನಲ್ಲಿ ಬೆಲ್ಲ, ಉಪ್ಪಿನ ಕೆಲಸ ಮಾಡುವವರು ಯಾರೂ ಇಲ್ಲ. ನನಗೆ ಕಾಣುವುದು ಇಷ್ಟೇ. ನಾನು ಮಂಗಳೂರಿನಲ್ಲಿ ಅಡುಗೆ ಕೆಲಸದವಳು, ಬಿಯರ್ ಮಾಡಿ ಗೊತ್ತಿಲ್ಲ.

ಹುರಿದ ಬಾರ್ಲಿ · ಆಗಸ್ಟ್ 11

ಪುನರ್ಪುಳಿ, ನಾನು ಎರಡು ದಿನದಿಂದ ಹೇಳೋಕೆ ಹೆಣಗ್ತಿದ್ದದ್ದನ್ನ ನೀವು ಎರಡು ಸಾಲಲ್ಲಿ ಹೇಳಿದ್ರಿ. ಸರಿಯಾಗಿ ಅದೇ.

ಹೊಸಹುದುಗು · ಆಗಸ್ಟ್ 11

ಹಾಗಾದ್ರೆ ಬೆಲ್ಲವನ್ನೇ ಹಾಕಬಹುದಲ್ಲ?

ಧಾರವಾಡ ಪೇಢೆ · ಆಗಸ್ಟ್ 11

ಹಾಕಬಹುದ್ರಿ, ಆದರ ಸಿಹಿ ಉಳಿಯೂದಿಲ್ಲ. ಬೆಲ್ಲದಾಗಿರೂದು ಬಹುತೇಕ ಸುಕ್ರೋಸ್. ಯೀಸ್ಟ್ ಅದನ್ನ ಒಡದು ಪೂರ್ತಿ ತಿಂದು ಆಲ್ಕೋಹಾಲ್ ಮಾಡತದ. ಕಾಕಂಬಿ ವಾಸನಿ ಒಂದೀಟು ಉಳೀಬಹುದು, ಬಿಯರ್ ಮಾತ್ರ ಮತ್ತಷ್ಟು ತೆಳುವು ಆಗತದ. ಯೀಸ್ಟ್ ತಿನ್ನಲಾರದ ಸಿಹಿ ಬೇಕಂದ್ರ ಎರಡು ದಾರಿ. ಒಂದು, ಮ್ಯಾಶ್ ಬಿಸಿ ಏರಿಸೂದು. 68–69 ಡಿಗ್ರಿಗೆ ಹೋದ್ರ ಪಿಷ್ಟ ಒಡದು ಸಕ್ಕರಿ ಮಾಡೂ ಬೀಟಾ ಅಮೈಲೇಸ್ ಕಿಣ್ವ ಲಗೂ ಸುಸ್ತ ಆಗತದ, ಡೆಕ್ಸ್‌ಟ್ರಿನ್ ಜಾಸ್ತಿ ಉಳೀತದ. ನೀವು ಇಟ್ಟ 65 ಈ ಬಿಯರಿಗೆ ಭಾಳ ಕಮ್ಮಿ. ಎರಡನೇದು ಲ್ಯಾಕ್ಟೋಸ್, ಅಂದ್ರ ಹಾಲಿನ ಸಕ್ಕರಿ. ಬಿಯರಿನ ಯೀಸ್ಟ್ ಸ್ಯಾಕರೋಮೈಸಿಸ್‌ಗೆ ಅದನ್ನ ಒಡಿಯೋ ಕಿಣ್ವನ ಇಲ್ಲ. ಮಿಲ್ಕ್ ಸ್ಟೌಟ್ ಅಂತಾರಲ್ಲ, ಅದರ ಗುಟ್ಟು ಇಷ್ಟ.

ನನ್ನ ಕೆಲಸ ಸೂಕ್ಷ್ಮಜೀವಿಗಳ ಪ್ರಯೋಗಾಲಯದಾಗ. ಅದಕ್ಕ ಒಂದು ಮಾತು ಕೇಳತೇನಿ. ಹಣ್ಣು ಹೆಂಗ ಹಾಕಿದ್ರಿ? ಫ್ರೀಜರಿನಿಂದ ಸೀದಾ? ಫ್ರೀಜ್ ಮಾಡಿದ್ರ ಕೋಶ ಒಡದು ರಸ ಚಲೋ ಬಿಡತದ, ಖರೆ. ಆದರ ಕಾಡು ಯೀಸ್ಟ್, ಬ್ಯಾಕ್ಟೀರಿಯಾ ಥಂಡಿಗೆ ಸಾಯೂದಿಲ್ಲ, ಮಲಗತಾವು ಅಷ್ಟ. ನಿಮ್ಮ ಹುಳಿ ಹಣ್ಣಿಂದೋ, ಸೋಂಕಿಂದೋ ಅನ್ನೂದು ಮೊದಲು ತಿಳೀಬೇಕು.

ಅಪ್ಪೆಮಿಡಿ · ಆಗಸ್ಟ್ 12

ಫ್ರೀಜರಿನಿಂದ ತೆಗೆದು ಕರಗಿಸಿ ಸೀದಾ ಹಾಕಿದೆ. ಮೇಲೆ ಪೊರೆ ಕಟ್ಟಿರಲಿಲ್ಲ, ವಾಸನೆ ಶುದ್ಧವಾಗಿತ್ತು. ಸಾಂದ್ರತೆ 1.010ರಲ್ಲೇ ನಿಂತಿದೆ. ನಿನ್ನೆ ಒಂದು ಬಾಟಲಿ ತೆಗೆದು ಮತ್ತೆ ನೋಡಿದೆ, ಅಷ್ಟೇ ಇದೆ.

ಧಾರವಾಡ ಪೇಢೆ · ಆಗಸ್ಟ್ 12

ಹಂಗಾದ್ರ ಸೋಂಕು ಅನಿಸೂದಿಲ್ಲ. ಕಾಡು ಯೀಸ್ಟ್ ಹೊಕ್ಕಿದ್ದರ ಡೆಕ್ಸ್‌ಟ್ರಿನ್ ಸೈತ ತಿಂದು ಸಾಂದ್ರತೆ ಇಳೀತಿತ್ತು, ಬಾಟಲಿ ತೆಗದ ಕೂಡಲೇ ನೊರಿ ಉಕ್ಕತಿತ್ತು. ನಿಮ್ಮದು ಹಣ್ಣಿನ ಹುಳೀನ. ಚೆರ್ರಿ ಹುಳಿ ಬಹುಪಾಲು ಮ್ಯಾಲಿಕ್ ಆಮ್ಲ, ಹಸಿ ಸೇಬಿನಾಗ ಇರೂ ಅಂಥಾದ್ದು. ಚೂಪು ಹುಳಿ. ಮೊಸರಿನ ಲ್ಯಾಕ್ಟಿಕ್ ಅದಕ್ಕಿಂತ ಮೆತ್ತಗ. ವೈನ್‌ನವರು ಒಂದು ಬ್ಯಾಕ್ಟೀರಿಯಾ ಬಿಟ್ಟು ಮ್ಯಾಲಿಕ್ಕನ್ನ ಲ್ಯಾಕ್ಟಿಕ್ ಮಾಡತಾರ. ಸೆನ್ನೆ ತೀರದವರು ಹೇಳಿದ ಕ್ರೀಕ್ ಪೀಪಾಯಿದಾಗ ತಿಂಗಳುಗಟ್ಟಲೆ ಇಂಥಾ ಜೀವಿಗಳ ಸಂಗಡ ಇರತದ. ಅದು ಮೆತ್ತಗ ಇರೂದಕ್ಕ ಇದೂ ಒಂದು ಕಾರಣ.

ಒಂದು ಸಣ್ಣ ಪರೀಕ್ಷಾ ಮಾಡ್ರಿ. ಪೊಟ್ಯಾಸಿಯಂ ಬೈಕಾರ್ಬನೇಟ್, ವೈನ್ ಸಾಮಾನಿನ ಅಂಗಡ್ಯಾಗ ಸಿಗತದ. ಲೀಟರಿಗೆ 1 ಗ್ರಾಂ ಹಾಕಿದ್ರ ಹುಳಿ ಸುಮಾರು ಅಷ್ಟ ಗ್ರಾಂ ಇಳೀತದ. ಒಂದು ಗ್ಲಾಸ್ ಹಂಗ ಇಡ್ರಿ, ಇನ್ನೊಂದಕ್ಕ 200 ಮಿಲಿಗೆ 0.2 ಗ್ರಾಂ ಹಾಕ್ರಿ. ಮೂರನೇದಕ್ಕ ಯಾವುದರ ಸಿಹಿ ಸ್ಟೌಟ್ ಅರ್ಧಕ್ಕರ್ಧ ಬೆರಸ್ರಿ. ಯಾವುದು ಚಲೋ ಹತ್ತತದ ನೋಡಿ ಹೇಳ್ರಿ.

ಅಪ್ಪೆಮಿಡಿ · ಆಗಸ್ಟ್ 16

ಮಾಡಿದೆ. ಮೂರೂ ಗ್ಲಾಸು ಅಡುಗೆಮನೆ ಕಟ್ಟೆ ಮೇಲಿಟ್ಟು, ಯಾವುದು ಯಾವುದು ಅಂತ ನನಗೆ ಗೊತ್ತಾಗದ ಹಾಗೆ ಹೆಂಡತಿ ಜಾಗ ಬದಲಿಸಿದಳು.

ಬೈಕಾರ್ಬನೇಟ್ ಹಾಕಿದ್ದು ಪುಸ್ ಅಂತ ಒಂದು ಗಳಿಗೆ ಉಕ್ಕಿ ಕೂತಿತು. ಹುಳಿ ಇಳಿದಿದೆ, ಹಲ್ಲು ಚುಳ್ ಅನ್ನಲ್ಲ. ಆದರೆ ಇದ್ದಿಲಿನ ಕಹಿ ಈಗ ಎದ್ದು ನಿಂತಿದೆ, ಚೆರ್ರಿ ಎಲ್ಲೋ ದೂರ ಸರಿದಿದೆ. ಸಿಹಿ ಸ್ಟೌಟ್ ಬೆರೆಸಿದ್ದು ಬೇರೆಯದೇ ಕಥೆ. ಹುಳಿ ಅಲ್ಲೇ ಇದೆ, ಆದರೆ ಅದರ ಕೆಳಗೆ ನೆಲ ಸಿಕ್ಕ ಹಾಗಾಯಿತು. ಮೊದಲ ಸಲ ಚೆರ್ರಿ ಚೆರ್ರಿಯ ಹಾಗೆ ಅನ್ನಿಸಿತು.

ಅಂದರೆ ತಪ್ಪು ಹುಳಿಯದ್ದಲ್ಲ. ಅದಕ್ಕೆ ಆಸರೆ ಇರಲಿಲ್ಲ, ಸುಟ್ಟ ಕಹಿ ಅತಿಯಾಗಿತ್ತು. ನನಗೆ ಅರ್ಥವಾಗಿದ್ದು ಇದು. ಸರಿಯೇ?

ಹುರಿದ ಬಾರ್ಲಿ · ಆಗಸ್ಟ್ 16

ನೂರಕ್ಕೆ ನೂರು. ಈ ಮೂರು ಗ್ಲಾಸಿನ ಪರೀಕ್ಷೆಯನ್ನ ನಮ್ಮ ಹೊಸ ಹುಡುಗರಿಗೂ ಮಾಡಿಸ್ತೇನೆ. ಪೇಢೆಯವರಿಗೆ ಧನ್ಯವಾದ.

ಈಗ ಎರಡನೇ ಪಾಕ. ಬ್ಲ್ಯಾಕ್ ಪೇಟೆಂಟ್ ಪೂರ್ತಿ ತೆಗೀರಿ. ಅದು ದೊಡ್ಡ ವಸ್ತುವೇ, 1817ರಲ್ಲಿ ಡೇನಿಯಲ್ ವೀಲರ್ ಮಾಲ್ಟ್ ಹುರಿಯೋ ಉರುಳೆಗೆ ಪೇಟೆಂಟ್ ತಗೊಂಡ ಮೇಲೆ ಪೋರ್ಟರ್ (ಸ್ಟೌಟಿನ ಅಣ್ಣನಂಥ ಕಪ್ಪು ಬಿಯರ್), ಸ್ಟೌಟಿನ ಬಣ್ಣ, ರುಚಿ ಎರಡೂ ಬದಲಾದವು. ಆದರೆ ಹುಳಿ ಹಣ್ಣಿನ ಜೊತೆ ಅದರ ಇದ್ದಿಲು ಜಗಳಕ್ಕೆ ಬೀಳುತ್ತೆ. ಬಣ್ಣಕ್ಕೆ ಸಿಪ್ಪೆ ತೆಗೆದು ಹುರಿದ ಕಾರಾಫಾ ಸ್ಪೆಷಲ್ ಮಾಲ್ಟ್ 3% ಸಾಕು. ಹುರಿದ ಬಾರ್ಲಿ 3%, ಚಾಕೊಲೇಟ್ ಮಾಲ್ಟ್ 6%, ಮಧ್ಯಮ ಕ್ರಿಸ್ಟಲ್ (ಕ್ಯಾರಮೆಲ್ ಸಿಹಿಯ ಮಾಲ್ಟ್) 8%, ಓಟ್ಸ್ ಅವಲಕ್ಕಿ 10%, ಉಳಿದದ್ದು ಮ್ಯಾರಿಸ್ ಆಟರ್ ಅನ್ನೋ ಪೇಲ್ ಮಾಲ್ಟ್. ಕಪ್ಪು ಧಾನ್ಯವನ್ನ ಮ್ಯಾಶಿನ ಕೊನೆಯ 15 ನಿಮಿಷಕ್ಕೆ ಸೇರಿಸಿ. ಬಣ್ಣ, ಪರಿಮಳ ಬರುತ್ತೆ, ಕಟುವಾದ್ದು ಅಷ್ಟು ಇಳಿಯಲ್ಲ.

ನೀರು ನಲ್ಲಿಯದೇ ತಗೊಳ್ಳಿ. ಗ್ರ್ಯಾಂಡ್ ರ‍್ಯಾಪಿಡ್ಸಿಗೆ ಬರೋದು ಮಿಶಿಗನ್ ಸರೋವರದ ನೀರು, ಅದರ ಕ್ಷಾರತೆ ಈ ಕೆಲಸಕ್ಕೆ ಸರಿಹೋಗುತ್ತೆ. ಕ್ಲೋರಿನ್ ಹೆದರಿಕೆಗೆ ಒಂದು ಕ್ಯಾಂಪ್‌ಡೆನ್ ಮಾತ್ರೆಯ (ಕ್ಲೋರಿನ್ ಕಳೆಯೋ ಸಲ್ಫೈಟ್) ಕಾಲುಭಾಗ ಸಾಕು. ಕ್ಯಾಲ್ಸಿಯಂ ಕ್ಲೋರೈಡ್ ಸ್ವಲ್ಪ ಹಾಕಿ, ಮೈ ದುಂಡಗಾಗುತ್ತೆ. ಗೊಜ್ಜಿನ ಉಪ್ಪಿನ ಜಾಗದಲ್ಲಿ ಅದು.

ಚೆರ್ರಿ 2.7 ಕೆಜಿ, ಅಂದರೆ ಲೀಟರಿಗೆ ಸುಮಾರು 140 ಗ್ರಾಂ. ಲ್ಯಾಕ್ಟೋಸ್ ಬೇಕಾದರೆ 340 ಗ್ರಾಂ.

ಅಪ್ಪೆಮಿಡಿ · ಆಗಸ್ಟ್ 17

ಲ್ಯಾಕ್ಟೋಸ್ ಬೇಡ ಅಂತ ತೀರ್ಮಾನ ಮಾಡಿದ್ದೇನೆ. ನಮ್ಮನೆಗೆ ಬರೋ ಕನ್ನಡದ ಗೆಳೆಯರಲ್ಲಿ ಮೂವರಿಗೆ ಹಾಲು ಆಗಲ್ಲ. ಅದಕ್ಕಿಂತ ಮುಖ್ಯವಾಗಿ, ನನಗೆ ಬೇಕಿರೋದು ಕೇಕಿನ ಥರದ್ದಲ್ಲ. ಮಾಲ್ಟಿನಿಂದಲೇ ಆ ಆಸರೆ ಬರಬೇಕು.

ಅರೇಬಿಕಾ · ಆಗಸ್ಟ್ 17

ಚಿಕ್ಕಮಗಳೂರಿನಿಂದ. ಕೇಕಿನ ಥರದ್ದು ಅಂತ ತಳ್ಳಿಹಾಕಬೇಡಿ. ಹಣ್ಣು, ವೆನಿಲಾ, ಲ್ಯಾಕ್ಟೋಸ್ ಹಾಕಿದ ಪೇಸ್ಟ್ರಿ ಸ್ಟೌಟಿನಿಂದಲೇ ಬಿಯರಿನ ಕಡೆ ಬಂದವಳು ನಾನು. ರಾಸ್ಪ್‌ಬೆರಿ, ಚಾಕೊಲೇಟು ಒಟ್ಟಿಗೆ ಚೆಂದವಾಗೇ ಇರುತ್ತೆ.

ಹುರಿದ ಬಾರ್ಲಿ · ಆಗಸ್ಟ್ 17

ಚೆಂದ ಇರುತ್ತೆ, ಒಪ್ಪಿದೆ. ಒಂದು ಎಚ್ಚರಿಕೆ ಮಾತ್ರ ಇಲ್ಲಿ ದಾಖಲಾಗಲಿ. ಹುದುಗಿ ಮುಗಿದ ಬಿಯರಿಗೆ ಕೊನೆಗಳಿಗೆಯಲ್ಲಿ ಹಣ್ಣಿನ ಪಲ್ಪ್ ಸುರಿದು, ಪಾಶ್ಚರೀಕರಣ ಮಾಡದೆ ಸೀಲ್ ಮಾಡಿದರೆ ಅದು ಡಬ್ಬಿಯೊಳಗೇ ಮತ್ತೆ ಹುದುಗುತ್ತೆ. ಆ ಥರ ಕ್ಯಾನುಗಳು ಸಿಡಿದ ಪ್ರಸಂಗ ಬೇಕಾದಷ್ಟಿವೆ. ಹಣ್ಣು ಹಾಕಿದ ಮೇಲೆ ಮೂರು ದಿನದ ಅಂತರದಲ್ಲಿ ಎರಡು ಸಲ ಅಳೆದು, ಎರಡೂ ಸಲ ಒಂದೇ ಅಂಕಿ ಬಂದರೆ ಮಾತ್ರ ಬಾಟಲಿ.

ಸರೋವರ · ಆಗಸ್ಟ್ 18

ಈ ಮಾತಿಗೆ ನನ್ನ ಕೈ ಸಾಕ್ಷಿ. ನಾನಿರೋದು ಟ್ರಾವರ್ಸ್ ಸಿಟಿಯ ಹತ್ತಿರ. ಆರು ವರ್ಷದ ಹಿಂದೆ ಚೆರ್ರಿ ಪೋರ್ಟರ್ ಮಾಡಿ, ಒಂದು ವಾರಕ್ಕೇ ಅವಸರಪಟ್ಟು ಬಾಟಲಿ ತುಂಬಿದ್ದೆ. ಹಣ್ಣಿನ ಸಕ್ಕರೆ ಇನ್ನೂ ಮುಗಿದಿರಲಿಲ್ಲ. ಹನ್ನೆರಡನೇ ದಿನ ನೆಲಮಾಳಿಗೆಯಲ್ಲಿ ಒಂದು ಬಾಟಲಿ ಸಿಡಿಯಿತು. ನೋಡೋಕೆ ಇಳಿದು ಪಕ್ಕದ್ದನ್ನ ಎತ್ತಿದೆ, ಅದು ಕೈಯಲ್ಲೇ ಒಡೆಯಿತು. ಹೆಬ್ಬೆರಳಿನ ಬುಡದಲ್ಲಿ ಐದು ಹೊಲಿಗೆ. ಕನ್ನಡಕ ಹಾಕಿದ್ದಕ್ಕೆ ಕಣ್ಣು ಉಳಿಯಿತು. ಅನುಮಾನ ಬಂದರೆ ಬಾಟಲಿ ಮುಟ್ಟಬೇಡಿ. ದಪ್ಪ ಕಂಬಳಿ ಮುಚ್ಚಿ, ಕೈಗವಸು, ಕನ್ನಡಕ ಹಾಕಿಕೊಂಡು, ತಣ್ಣಗಾಗಿಸಿ, ಆಮೇಲೆ ಮುಚ್ಚಳ ತೆಗೀರಿ.

ಇನ್ನು ಹಣ್ಣಿನ ವಿಷಯ. ಅಮೆರಿಕದ ಹುಳಿ ಚೆರ್ರಿಯಲ್ಲಿ ಮುಕ್ಕಾಲು ಪಾಲಿನಷ್ಟು ನಮ್ಮ ಮಿಶಿಗನ್‌ನದ್ದು. ಇಲ್ಲಿನ ವಿಮಾನ ನಿಲ್ದಾಣದ ಹೆಸರೇ ಚೆರ್ರಿ ಕ್ಯಾಪಿಟಲ್. 1852ರಲ್ಲಿ ಪೀಟರ್ ಡಾಗರ್ಟಿ ಅನ್ನೋ ಪಾದ್ರಿ ಓಲ್ಡ್ ಮಿಷನ್ ಪರ್ಯಾಯ ದ್ವೀಪದಲ್ಲಿ ಗಿಡ ನೆಟ್ಟಿದ್ದು ಶುರು. ಸರೋವರ ವಸಂತದಲ್ಲಿ ತಣ್ಣಗೇ ಇದ್ದು ಹೂವನ್ನ ತಡಮಾಡಿಸುತ್ತೆ, ಹಾಗಾಗಿ ಕೊನೆಯ ಹಿಮದಿಂದ ಹೂ ಪಾರಾಗುತ್ತೆ. ಜುಲೈನಲ್ಲಿ ಕೊಯ್ಲು. ಯಂತ್ರವೊಂದು ಕಾಂಡ ಹಿಡಿದು ಕೆಲವೇ ಸೆಕೆಂಡು ನಡುಗಿಸುತ್ತೆ, ಕೆಳಗೆ ಹಾಸಿದ ಬಟ್ಟೆಯ ಮೇಲೆ ಇಡೀ ಮರದ ಹಣ್ಣು ಕೆಂಪು ಮಳೆಯ ಹಾಗೆ ಬೀಳುತ್ತೆ. ತಕ್ಷಣ ತಣ್ಣೀರಿನ ತೊಟ್ಟಿಗೆ. ಬೆಳಿಗ್ಗೆ ಆರಕ್ಕೆ ಆ ತೊಟ್ಟಿಯೊಳಗೆ ಕೈ ಇಳಿಸಿದರೆ ಮೂಳೆ ಕೊರೆಯುತ್ತೆ.

ಆದರೆ 2012ರಲ್ಲಿ ಮಾರ್ಚ್ ತಿಂಗಳಲ್ಲೇ ಬೇಸಿಗೆಯ ಹಾಗೆ ಬಿಸಿಲು ಬಿತ್ತು. ಮೊಗ್ಗು ಬೇಗ ಒಡೆದವು, ಏಪ್ರಿಲ್‌ನಲ್ಲಿ ಮತ್ತೆ ಮತ್ತೆ ಹಿಮ. ಆ ವರ್ಷ ಹುಳಿ ಚೆರ್ರಿ ಬೆಳೆ ನೂರಕ್ಕೆ ತೊಂಬತ್ತರಷ್ಟು ಹೋಯಿತು. ಚೆರ್ರಿ ಸ್ಟೌಟ್ ಕುಡಿಯೋವಾಗ ನನಗೆ ಆ ಖಾಲಿ ತೋಟಗಳ ನೆನಪಾಗುತ್ತೆ.

ಅಪ್ಪೆಮಿಡಿ, ಈ ಸಲದ ಹಣ್ಣು ನನ್ನ ಫ್ರೀಜರಿನಲ್ಲಿದೆ. ಬೇಕಾದರೆ ಬಂದು ತಗೊಂಡು ಹೋಗಿ. ಸ್ವಲ್ಪ ಬೀಜ ಸಮೇತ ಇರೋದೂ ಇದೆ.

ಸೆನ್ನೆ ತೀರ · ಆಗಸ್ಟ್ 18

ಬೀಜ ಇರೋದನ್ನ ಬಿಡಬೇಡಿ! ಕ್ರೀಕ್‌ಗೆ ಇಡೀ ಹಣ್ಣೇ ಹೋಗುತ್ತೆ. ಆ ಬಾದಾಮಿಯ ಎಳೆ ಬರೋದು ಬೀಜದಿಂದಲೇ. ಒಟ್ಟು ಹಣ್ಣಿನ ಐದನೇ ಒಂದು ಪಾಲು ಬೀಜ ಸಮೇತ ಹಾಕಿ.

ಧಾರವಾಡ ಪೇಢೆ · ಆಗಸ್ಟ್ 18

ಹಾಕ್ರಿ, ಆದರ ಬೀಜ ಜಜ್ಜಬ್ಯಾಡ್ರಿ. ಮಿಕ್ಸಿಗಂತೂ ಬೀಜದ ಹಣ್ಣು ಹಾಕಲೇಬ್ಯಾಡ್ರಿ. ಬೀಜದೊಳಗ ಅಮಿಗ್ಡಾಲಿನ್ ಇರತದ. ಅದು ಒಡದಾಗ ಬಾದಾಮಿ ವಾಸನಿಯ ಬೆಂಜಾಲ್ಡಿಹೈಡ್ ಸಂಗಡ ಸೈನೈಡೂ ಬರತದ. ಇಡೀ ಬೀಜ ಹಂಗ ಇದ್ದು ಕೆಲವು ವಾರ ನೆನದ್ರ ಚಿಂತಿ ಇಲ್ಲ.

ಮತ್ತ, ಹಣ್ಣು ಕುದಿಸಬ್ಯಾಡ್ರಿ. ಕುದಿಸಿದ್ರ ಪೆಕ್ಟಿನ್ ಬಿಟ್ಟು ಜಾಮ್ ಆಗತದ. 70 ಡಿಗ್ರಿಗೆ ಬಿಸಿ ಮಾಡಿ 15 ನಿಮಿಷ ಇಟ್ಟು, ಮುಚ್ಚಿ ಆರಿಸಿ ಹಾಕ್ರಿ.

ಹೊಸಹುದುಗು · ಆಗಸ್ಟ್ 19

ಎಲ್ಲ ಓದಿ ಉತ್ಸಾಹ ಬಂತು. ನಾನು ಬೆಂಗಳೂರಿನಲ್ಲಿ ಮನೇಲೇ 5 ಲೀಟರ್ ನೇರಳೆಹಣ್ಣಿನ ಸ್ಟೌಟ್ ಪ್ರಯತ್ನ ಮಾಡಬಹುದಾ?

ಹುರಿದ ಬಾರ್ಲಿ · ಆಗಸ್ಟ್ 19

ಮಾಡಬೇಡಿ. ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋ ಹಾಗಿಲ್ಲ. ಅಪ್ಪೆಮಿಡಿಯವರ ಕಥೆ ಬೇರೆ. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಮನೆ ಬಿಯರಿಗೆ ದಾರಿ ಆಯಿತು. ವಯಸ್ಕರೊಬ್ಬರಿದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರಿದ್ದರೆ ಮನೆಗೆ 200. ಮಾರೋ ಹಾಗಿಲ್ಲ. ಅಲ್ಲಿನ ಸಣ್ಣ ಬ್ರೂವರಿಗಳ ಬೇರು ಇರೋದೇ ಈ ಮನೆ ಅಡುಗೆಕೋಣೆಗಳಲ್ಲಿ. ಬೆಲ್ಸ್‌ನ ಲ್ಯಾರಿ ಬೆಲ್ ಶುರು ಮಾಡಿದ್ದು ಮನೆ ಬಿಯರಿನ ಸಾಮಾನು ಮಾರೋ ಅಂಗಡಿಯಿಂದ. 1985ರಲ್ಲಿ ಬಿಯರ್ ಮಾರೋಕೆ ಹೊರಟಾಗ ಕುದಿಸಿದ್ದು 15 ಗ್ಯಾಲನ್ನಿನ ಸೂಪು ಪಾತ್ರೆಯಲ್ಲಿ.

ಬೆಂಗಳೂರಿಗೂ ಮಿಶಿಗನ್‌ಗೂ ನೇರ ನಂಟಿದೆ. ಮ್ಯಾಗ್ರತ್ ರಸ್ತೆಯಲ್ಲಿ 2012ರಲ್ಲಿ ತೆರೆದ ಆರ್ಬರ್ ಬ್ರೂಯಿಂಗ್ ಕಂಪನಿ ಮೂಲದಲ್ಲಿ ಮಿಶಿಗನ್‌ನ ಆನ್ ಆರ್ಬರ್‌ನ ಹೆಸರು. ಆದರೆ ಚೆರ್ರಿ ಸ್ಟೌಟ್ ನಮಗೆ ಕಷ್ಟ. ಕಾಶ್ಮೀರದ ಚೆರ್ರಿ ತಿನ್ನೋಕೆ ಸೊಗಸು, ಬಹುಪಾಲು ಸಿಹಿ ಜಾತಿ. ಸಿಹಿ ಯೀಸ್ಟಿನ ಪಾಲಾದ ಮೇಲೆ ಉಳಿಯೋದು ತುಂಬಾ ಕಮ್ಮಿ. ನೇರಳೆ ನಾನು ಎರಡು ಸಲ ಮಾಡಿದ್ದೇನೆ. ಬಣ್ಣ, ಪರಿಮಳ ಅದ್ಭುತ. ಆದರೆ ಅದರ ಒಗರೂ ಹುರಿದ ಧಾನ್ಯದ ಒಗರೂ ಸೇರಿ ನಾಲಿಗೆ ಬಟ್ಟೆ ಹೊದ್ದ ಹಾಗಾಗುತ್ತೆ. ಗೋಧಿ ಬಿಯರಿಗೆ ನೇರಳೆ ಚೆಂದ, ಸ್ಟೌಟಿಗಲ್ಲ.

ಪುನರ್ಪುಳಿ · ಆಗಸ್ಟ್ 19

ಹಾಗಾದರೆ ನನ್ನ ಹೆಸರಿನ ಹಣ್ಣು? ಒಣಗಿದ ಪುನರ್ಪುಳಿ ಸಿಪ್ಪೆಯಲ್ಲಿ ಹುಳಿ ಉಂಟು, ಬಣ್ಣ ಉಂಟು, ನೇರಳೆಯಷ್ಟು ಒಗರಿಲ್ಲ.

ಹುರಿದ ಬಾರ್ಲಿ · ಆಗಸ್ಟ್ 20

ಇದನ್ನ ಯೋಚನೆ ಮಾಡಬೇಕು. ಸಕ್ಕರೆ ಅಷ್ಟಾಗಿ ಇಲ್ಲದ ಹುಳಿ, ಅಂದರೆ ಬಿಯರ್ ತೆಳುವಾಗೋ ಭಯ ಇಲ್ಲ. ಲೀಟರಿಗೆ 4–5 ಗ್ರಾಂ ಒಣ ಸಿಪ್ಪೆಯಿಂದ ಶುರು ಮಾಡಿ ಗ್ಲಾಸಿನಲ್ಲಿ ನೋಡ್ತೇನೆ. ಮಂಗಳೂರಿನ ಉಪ್ಪು ಹಾಕದ ಸಿಪ್ಪೆಯೇ ಬೇಕು.

ಅಪ್ಪೆಮಿಡಿ · ಸೆಪ್ಟೆಂಬರ್ 14

ಎರಡನೇ ಪಾಕ ಆಯಿತು. ಮ್ಯಾಶ್ 68.5 ಡಿಗ್ರಿ, ಪಿಎಚ್ 5.4. ಶುರುವಿನ ಸಾಂದ್ರತೆ 1.070. ಐರಿಷ್ ಏಲ್ ಯೀಸ್ಟ್, 18 ಡಿಗ್ರಿಯಲ್ಲಿ. ಇವತ್ತಿಗೆ 1.022ರಲ್ಲಿ ನಿಂತಿದೆ, ಅಂದರೆ ಆಲ್ಕೋಹಾಲ್ 6.3%. ಟ್ರಾವರ್ಸ್ ಸಿಟಿಗೆ ಹೋಗಿ ಸರೋವರ ಅವರ ಮನೆಯಿಂದ ಹಣ್ಣು ತಂದೆ. ಅವರ ಮನೆಯಲ್ಲಿ ಬಿಸಿಬೇಳೆಬಾತ್ ಉಂಡದ್ದನ್ನೂ ಬರೀಲೇಬೇಕು. 2.2 ಕೆಜಿ ಬೀಜ ತೆಗೆದದ್ದು, ಅರ್ಧ ಕೆಜಿ ಬೀಜ ಇದ್ದದ್ದು. ಎಪ್ಪತ್ತು ಡಿಗ್ರಿಗೆ ಬಿಸಿ ಮಾಡಿದಾಗ ಪಾತ್ರೆಯಿಂದ ಬಂದ ಪರಿಮಳಕ್ಕೆ ಮಗಳು ಪುಸ್ತಕ ಬಿಟ್ಟು ಓಡಿ ಬಂದಳು.

ಅಪ್ಪೆಮಿಡಿ · ಅಕ್ಟೋಬರ್ 12

ನಾಲ್ಕು ವಾರ ಬಿಟ್ಟೆ. 1.019. ಮೂರು ದಿನ ಬಿಟ್ಟು ಮತ್ತೆ ಅಳೆದೆ, ಅದೇ 1.019. ಪಿಎಚ್ 4.1. ಹಣ್ಣು ಕೆಳಗೆ ಕೂತಿದೆ, ಬಣ್ಣವೆಲ್ಲ ಬಿಟ್ಟುಕೊಟ್ಟು ಬೂದು ಬಿಳಿ ಆಗಿದೆ. ಬಾಟಲಿಯಲ್ಲಿ ಗುಳ್ಳೆ ಬರಲಿ ಅಂತ ಇಡೀ ಪಾಕಕ್ಕೆ 95 ಗ್ರಾಂ ಸಕ್ಕರೆ ಕರಗಿಸಿ ಹಾಕಿದೆ. ಜಾಸ್ತಿ ಗಾಳಿ ಇದ್ದರೆ ಹುಳಿ ಮತ್ತೆ ಚುಚ್ಚುತ್ತೆ ಅಂತ ಕಡಿಮೆಯೇ ಇಟ್ಟೆ. ಈಗ ಎರಡು ತಿಂಗಳು ನೆಲಮಾಳಿಗೆ, ನಾನು ಅತ್ತ ಹೋಗಲ್ಲ.

ಹುರಿದ ಬಾರ್ಲಿ · ಅಕ್ಟೋಬರ್ 13

ಮೊದಲ ಪಾಕದ ನಾಲ್ಕು ಬಾಟಲಿಯಾದರೂ ಉಳಿಸಿಕೊಳ್ಳಿ. ಪಕ್ಕಪಕ್ಕ ಇಟ್ಟು ಕುಡಿದಾಗ ಕಲಿಯೋದು ಬರೀ ಓದಿ ಬರಲ್ಲ.

ಅಪ್ಪೆಮಿಡಿ · ಜನವರಿ 4

ಹೊರಗೆ ಮೊಣಕಾಲುದ್ದ ಹಿಮ. ನಿನ್ನೆ ರಾತ್ರಿ ತೆಗೆದೆವು, ಆರು ಜನ.

ಫ್ರಿಜ್ಜಿನಿಂದ ಮುಕ್ಕಾಲು ಗಂಟೆ ಮೊದಲೇ ಹೊರಗಿಟ್ಟಿದ್ದೆ. ಬಗ್ಗಿಸಿದಾಗ ನೊರೆ ಹಳೆ ಬೆಲ್ಲದ ಬಣ್ಣ. ಗ್ಲಾಸಿನ ಅಂಚಿಗೆ ತಾಗಿದ ಕಡೆ ಮಾತ್ರ ಅದಕ್ಕೆ ಕೆಂಪು ಛಾಯೆ. ದೀಪಕ್ಕೆ ಹಿಡಿದರೆ ಕಪ್ಪು ಕಪ್ಪೇ, ಗ್ಲಾಸು ವಾಲಿಸಿದಾಗ ತುದಿಯ ತೆಳುವಿನಲ್ಲಿ ದಾಳಿಂಬೆ ಕಾಳಿನ ಕೆಂಪು ಹಾದುಹೋಗುತ್ತೆ. ಮೊದಲು ಚಾಕೊಲೇಟು, ನಡುವೆ ಓಟ್ಸಿನ ಮೆತ್ತನೆ ಮೈ, ಅದರ ಮೇಲೆ ನಿಧಾನವಾಗಿ ಏರಿ ಬರೋ ಹುಳಿ. ನುಂಗಿದ ಮೇಲೆ ಬಾದಾಮಿ. ಬೀಜ ಹಾಕಿಸಿದ ಸೆನ್ನೆ ತೀರದವರಿಗೆ ಇಲ್ಲಿಂದಲೇ ಕೈ ಮುಗಿಯುತ್ತೇನೆ. ಆ ದವಡೆಯ ಮೂಲೆ, ನಾನು ಹುಡುಕ್ತಿದ್ದ ಜಾಗ, ಅಲ್ಲಿಗೇ ಬಂದು ಮುಟ್ಟಿತು.

ಮೊದಲ ಪಾಕವನ್ನೂ ತೆಗೆದೆ. ಹುಳಿ ಹಾಗೇ ಇದೆ, ಚೆರ್ರಿಯ ಪರಿಮಳ ಮಾತ್ರ ಬಹುಪಾಲು ಹೋಗಿದೆ. ಅಂದರೆ ಕಾಲ ಕಳೆದರೆ ಸರಿಹೋಗುತ್ತೆ ಅನ್ನೋದು ಇದಕ್ಕೆ ಹೊಂದಲ್ಲ. ಹಣ್ಣು ಮೊದಲು ಹೋಗುತ್ತೆ, ಹುಳಿ ಆಮೇಲೂ ಕೂತಿರುತ್ತೆ. ಎರಡನೆಯದನ್ನ ಮಾರ್ಚ್‌ನೊಳಗೆ ಮುಗಿಸ್ತೇವೆ.

ಒಂದು ಕೊರತೆ: ಹಣ್ಣು ಇನ್ನೊಂಚೂರು ಇದ್ದಿದ್ದರೆ ಅನ್ನಿಸಿತು. ಮುಂದಿನ ಸಲ 3.2 ಕೆಜಿ, ಉಳಿದಿದ್ದೆಲ್ಲ ಹೀಗೇ.

ಸೆನ್ನೆ ತೀರ · ಜನವರಿ 4

ಪ್ರಮಾಣ ಏರಿಸ್ತಿದ್ದೀರಿ! ಮನಸ್ಸು ತುಂಬಿತು.

ಪುನರ್ಪುಳಿ · ಜನವರಿ 5

ಬೆಂಗಳೂರಿಗೆ ಎರಡು ಕೆಜಿ ಸಿಪ್ಪೆ ಕಳಿಸಿದ್ದೇನೆ, ಉಪ್ಪು ಹಾಕದ್ದು. ಬಿಸಿಲಲ್ಲಿ ನಾನೇ ಒಣಗಿಸಿಟ್ಟದ್ದು.

ಹುರಿದ ಬಾರ್ಲಿ · ಜನವರಿ 6

ಬಂತು. ಪೊಟ್ಟಣ ಬಿಚ್ಚಿದಾಗ ಇಡೀ ಕೋಣೆ ಘಮ್ ಅಂತು. ಗ್ಲಾಸಿನ ಪರೀಕ್ಷೆಯಲ್ಲಿ ಲೀಟರಿಗೆ 5 ಗ್ರಾಂ ಹೆಚ್ಚಾಯಿತು, 3 ಹಿಡಿಸಿತು. ಮುಂದಿನ ತಿಂಗಳು 500 ಲೀಟರ್ ಮಾಡೋಕೆ ಮಾಲೀಕರು ಒಪ್ಪಿದ್ದಾರೆ. ಅದಕ್ಕೆ ಬೇರೆ ಚರ್ಚೆ ತೆರೆಯುತ್ತೇನೆ.

ಅಪ್ಪೆಮಿಡಿ · ಜನವರಿ 6

ಸರೋವರ ಅವರೇ, ಈ ಜುಲೈಗೆ ನನ್ನ ಪಾಲಿಗೆ ಏಳು ಕೆಜಿ ಎತ್ತಿಡಿ. ಎರಡು ಪಾಕಕ್ಕೆ.

ಸರೋವರ · ಜನವರಿ 7

ಬರೆದಿಟ್ಟುಕೊಂಡೆ. ಈಗ ಕೊಂಬೆಗಳ ಮೇಲೆ ಹಿಮ ಕೂತಿದೆ, ಮೊಗ್ಗು ಬಿಗಿಯಾಗಿ ಮುಚ್ಚಿವೆ. ಏಪ್ರಿಲ್ ದಾಟಲಿ. ಮೇ ತಿಂಗಳಲ್ಲಿ ಹೂ ನೋಡಿ ಹೇಳ್ತೇನೆ.